ಹಿರೀಕರ ಮನೆ ಮತ್ತು ಪ್ರವಾಸಿ: ಜೀರ್ಣೋದ್ಧಾರಗೊಂಡ ಮನೆಗಳ ದರ್ಶನದ ಬಗ್ಗೆ ಕೆಲವು ವಿಚಾರಗಳು



ಹಲವು ತಲೆಮಾರುಗಳು ಒಂದೇ ಸೂರಿನಡಿ ಬಾಳಿದ ಮನೆಗಳನ್ನು ಜೀರ್ಣೋದ್ಧಾರಗೊಳಿಸಿ ಸಾರ್ವಜನಿಕರ ವೀಕ್ಷಣೆಗೆ ತೆರೆಯುವ ಪರಿಪಾಠ ಕರ್ನಾಟಕದ ಮಲೆನಾಡು, ಕೊಡಗು ಮತ್ತು ಕರಾವಳಿಗಳಲ್ಲಿ ಕಳೆದ ಕೆಲವು ದಶಕಗಳಲ್ಲಿ ಬೇರೂರಿದೆ. ಕೋಟೆ, ಅರಮನೆ, ವಿಜಯಸ್ತಂಭಗಳು ಕಟ್ಟಿದ ದಿನದಿಂದಲೇ ಪರರ ಕಣ್ಣಿಗೆ ಬೀಳಬೇಕೆಂದು ಬಯಸಿದ ಕಟ್ಟಡಗಳಾದ್ದರಿಂದ ಅವನ್ನು ನೋಡಲು ಹೋಗುವುದರಲ್ಲಿ ತೊಡಕೇನೂ ಇಲ್ಲ. ವಾಸದ ಮನೆಯ ಸ್ಥಿತಿ ಬೇರೆ. ಹೊರಗಿನವರು ಯಾರು, ಯಾವ ಹೊತ್ತಿನಲ್ಲಿ, ಎಲ್ಲಿಯವರೆಗೆ ಬರಬಹುದು ಎಂಬ ಕಟ್ಟಳೆಯನ್ನು ಅದರ ಅಂಗಳ, ಜಗಲಿ, ಪಡಸಾಲೆ, ನಡುಮನೆ, ಅಡುಗೆಮನೆಗಳ ಅನುಕ್ರಮದಲ್ಲೇ ಅಳವಡಿಸಿ, ಪ್ರತಿಯೊಂದು ಹೊಸ್ತಿಲನ್ನೂ ಒಂದು ಗಡಿಯನ್ನಾಗಿ ಮಾಡಿ ಹಿಂದಿನವರು ಮನೆ ಕಟ್ಟಿದರು. ಟಿಕೆಟು ಹಿಡಿದು ಬರುವ ಪ್ರವಾಸಿ ಈ ಎಲ್ಲ ಗಡಿಗಳನ್ನೂ ಕೆಲವೇ ನಿಮಿಷಗಳಲ್ಲಿ ದಾಟಿ ಹಿತ್ತಿಲ ಬಾಗಿಲಿನಿಂದ ಹೊರಬರುತ್ತಾನೆ. ಆ ಗಡಿಗಳಲ್ಲಿ ಯಾವುದನ್ನು ಇಂದಿಗೂ ಮುಚ್ಚಿಡಬೇಕು, ಯಾವುದನ್ನು ತೆರೆದು ಅದರ ಚರಿತ್ರೆಯನ್ನು ಬಾಯಿಬಿಟ್ಟು ಹೇಳಬೇಕು ಎಂಬ ಪ್ರಶ್ನೆಯನ್ನು ಈ ಉಪನ್ಯಾಸ ಎತ್ತಿಕೊಳ್ಳುತ್ತದೆ.

ಈ ಮನೆಗಳು ಇಂದು ಜೀರ್ಣೋದ್ಧಾರವನ್ನು ಬೇಡುವ ಸ್ಥಿತಿಗೆ ಬಂದುದೇಕೆ ಎಂಬುದನ್ನು ಮೊದಲು ಗಮನಿಸಬೇಕು. ಮಲೆನಾಡಿನ ತೊಟ್ಟಿಮನೆ, ಅಂದರೆ ನಡುವೆ ಆಕಾಶಕ್ಕೆ ತೆರೆದುಕೊಂಡ ಅಂಗಳವಿದ್ದು ನಾಲ್ಕೂ ಕಡೆ ಇಳಿಜಾರು ಮಾಡು ಇರುವ ಮನೆ, ಮತ್ತು ತುಳುನಾಡಿನ ಗುತ್ತಿನ ಮನೆ, ಅಂದರೆ ಗ್ರಾಮದ ಆಡಳಿತ ಮತ್ತು ದೈವಾರಾಧನೆಯ ಹೊಣೆ ಹೊತ್ತ ಮನೆತನದ ಮೂಲಸ್ಥಾನ, ಇವೆರಡೂ ಭೂಮಿಯ ಉತ್ಪನ್ನವನ್ನು ನೆಚ್ಚಿ ನಿಂತಿದ್ದವು. ಗೇಣಿಯಾಗಿ ಬಂದ ಭತ್ತ ಕಣಜವನ್ನು ತುಂಬುತ್ತಿತ್ತು. ವರ್ಷವರ್ಷವೂ ಮಳೆಗಾಲಕ್ಕೆ ಮುನ್ನ ಮಾಡು ಸರಿಪಡಿಸುವ ಆಳುಗಳ ಅನ್ನ ಅದೇ ಕಣಜದಿಂದ ಬರುತ್ತಿತ್ತು. ಗೇಣಿದಾರರಿಗೆ ಉಳುವ ಭೂಮಿಯ ಒಡೆತನ ಕೊಟ್ಟ 1974ರ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದಾಗ ಈ ಏರ್ಪಾಡು ಮುಗಿಯಿತು. ಅದಕ್ಕೂ ಮೊದಲೇ, ಸೋದರಳಿಯನಿಗೆ ಆಸ್ತಿಯ ಯಜಮಾನಿಕೆ ಸಲ್ಲುತ್ತಿದ್ದ ಅಳಿಯಸಂತಾನ ಪದ್ಧತಿಯ ಕುಟುಂಬಗಳಲ್ಲಿ ಮದರಾಸು ಸರ್ಕಾರದ 1949ರ ಕಾಯಿದೆ ಪಾಲುಪಟ್ಟಿಗೆ ದಾರಿ ಮಾಡಿತ್ತು. ಈ ಕಾಯಿದೆಗಳ ನ್ಯಾಯವನ್ನು ಪ್ರಶ್ನಿಸುವ ಕಾರಣವಿಲ್ಲ. ಉಳುವವನಿಗೆ ನೆಲ ಸಿಕ್ಕಿದ್ದು ಈ ನಾಡಿನ ಚರಿತ್ರೆಯ ದೊಡ್ಡ ಒಳಿತುಗಳಲ್ಲಿ ಒಂದು. ಹಳೆಯ ಮನೆಗಳ ಪಾಳನ್ನು ಕಂಡು ಮರುಗುವವರು ಈ ಒಳಿತನ್ನು ಮರೆತು ಮರುಗಬಾರದೆಂಬುದನ್ನು ಆರಂಭದಲ್ಲೇ ಹೇಳಬೇಕಾಗಿದೆ. ಏಕೆಂದರೆ ಪ್ರವಾಸೋದ್ಯಮದ ಬರಹಗಳಲ್ಲಿ ಹಳೆಯ ಕಾಲದ ವೈಭವವೆಂದು ಹೊಗಳಿಸಿಕೊಳ್ಳುವ ಸಂಗತಿ ಬಹುಮಟ್ಟಿಗೆ ಇನ್ನೊಬ್ಬರ ದುಡಿಮೆಯ ಫಲವೇ ಆಗಿತ್ತು.

ಮನೆಯೊಂದು ಕಟ್ಟಡ ಮಾತ್ರವಾಗಿರದೆ ಹಕ್ಕು ಮತ್ತು ಆಚರಣೆಗಳ ನೆಲೆಯೂ ಆಗಿರುತ್ತದೆ ಎಂಬುದಕ್ಕೆ ಕೊಡಗಿನ ಐನ್‌ಮನೆ ಅತ್ಯಂತ ಸ್ಪಷ್ಟವಾದ ನಿದರ್ಶನ. ಒಬ್ಬ ಮೂಲಪುರುಷನಿಂದ ಗಂಡುಸಂತತಿಯ ಮೂಲಕ ಹರಿದುಬಂದ ಕುಲಕ್ಕೆ ಕೊಡವರು ಒಕ್ಕ ಎನ್ನುತ್ತಾರೆ. ಆ ಒಕ್ಕಕ್ಕೆಲ್ಲ ಸೇರಿದ ಮೂಲಮನೆಯೇ ಐನ್‌ಮನೆ. ಗದ್ದೆಬಯಲನ್ನು ನೋಡಿಕೊಂಡು ತುಸು ಎತ್ತರದಲ್ಲಿ ನಿಂತ ಈ ಮನೆಗೆ ಹೋಗುವ ದಾರಿ ನೇರವಾಗಿರುವುದಿಲ್ಲ. ಎರಡೂ ಬದಿಗೆ ಮಣ್ಣಿನ ಏರಿ ಇರುವ ಓಣಿ ಬಾಗಿ ಬಳಸಿ ಅಂಗಳ ಸೇರುತ್ತದೆ. ಮುಂಭಾಗದ ಕೈಯಾಲೆಯಲ್ಲಿ, ಎಂದರೆ ಜಗಲಿಯಲ್ಲಿ, ಕಂಬದಿಂದ ಕಂಬಕ್ಕೆ ಅಗಲವಾದ ಮರದ ಹಲಗೆಗಳನ್ನು ಕೂರಿಸಿರುತ್ತಾರೆ. ಐಮರವೆಂದು ಕರೆಯಲಾಗುವ ಈ ಹಲಗೆಗಳ ಮೇಲೆ ಕುಳಿತುಕೊಳ್ಳುವವರು ಒಕ್ಕದ ಹಿರಿಯರು. ಕಿರಿಯರು ಅವುಗಳ ಮೇಲೆ ಹಿರಿಯರ ಸಮಕ್ಕೆ ಕೂರುವುದು ಮರ್ಯಾದೆಯೆನಿಸುತ್ತಿರಲಿಲ್ಲ. ಒಳಗೆ ನೆಲ್ಲಕ್ಕಿ ನಡುಬಾಡೆ ಎಂಬ ನಡುಮನೆಯಲ್ಲಿ ಹಿರಿಯರ ಹೆಸರಿನಲ್ಲಿ ದೀಪ ಉರಿಯುತ್ತದೆ. ನೈಋತ್ಯದ ಕೋಣೆಯಾದ ಕನ್ನಿಕೋಂಬರೆ ಗತಿಸಿದವರಿಗೆ ಮೀಸಲು. ಮನೆಯ ಹೊರಗೆ ಮೂಲಪುರುಷನ ಸ್ಮರಣೆಯ ಕೈಮಡವೆಂಬ ಚಿಕ್ಕ ಗುಡಿ ಇರುತ್ತದೆ. ಸುಗ್ಗಿಯ ಹಬ್ಬವಾದ ಹುತ್ತರಿಯ ರಾತ್ರಿ ನೆರೆ ಕಟ್ಟುವ ವಿಧಿ ಮುಗಿಸಿ ಗದ್ದೆಗೆ ಹೋಗಿ ಕದಿರು ತಂದಾಗ ಅದು ಮೊದಲು ಬರುವುದು ಈ ದೀಪದ ಬಳಿಗೆ.

ಇಂಥ ಮನೆಯನ್ನು ಯಾವ ಒಬ್ಬ ವ್ಯಕ್ತಿಯೂ ತನ್ನದೆಂದು ಮಾರಲಾರ, ತನ್ನಿಷ್ಟಕ್ಕೆ ಕೆಡವಲಾರ. ಬೆಂಗಳೂರಿನಲ್ಲೋ ಹೊರದೇಶದಲ್ಲೋ ನೆಲೆಸಿದ ಒಕ್ಕದವನಿಗೂ ಅದರಲ್ಲಿ ಪಾಲಿದೆ, ಅದರ ದುರಸ್ತಿಯ ಹೊಣೆಯೂ ಇದೆ. ಹೀಗಾಗಿ ಕೊಡಗಿನಲ್ಲಿ ಹೋಂಸ್ಟೇಗಳು ಎಷ್ಟೇ ಹೆಚ್ಚಿದರೂ ಅವು ಬಹುಪಾಲು ತೋಟದ ಮನೆಗಳಲ್ಲಿ, ಪ್ರತ್ಯೇಕ ಕುಟುಂಬಗಳ ಸ್ವಂತ ಮನೆಗಳಲ್ಲಿ ನಡೆಯುತ್ತವೆ. ಐನ್‌ಮನೆಯನ್ನು ಬಾಡಿಗೆಗೆ ಕೊಡಲು ಒಕ್ಕದ ಮನಸ್ಸು ಸುಲಭವಾಗಿ ಒಪ್ಪುವುದಿಲ್ಲ. ಈ ಹಿಂಜರಿಕೆಯನ್ನು ಉದ್ಯಮದ ದೃಷ್ಟಿಯವರು ಹಿಂದುಳಿದಿರುವಿಕೆಯೆಂದು ಎಣಿಸುವುದುಂಟು. ವಾಸ್ತವವಾಗಿ ಮನೆಯನ್ನು ಉಳಿಸಿರುವುದೇ ಆ ಹಿಂಜರಿಕೆ. ಈ ಹಿಂಜರಿಕೆಯ ಜೊತೆಗೆ ದಾಖಲೆಯ ಕೆಲಸವೂ ಅಲ್ಲಿ ನಡೆದಿದೆ. ಕೊಡವರ ಹಾಡು, ಆಚಾರಗಳನ್ನು ಸಂಗ್ರಹಿಸಿದ ‘ಪಟ್ಟೋಲೆ ಪಳಮೆ’ಯನ್ನು ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ಪ್ರಕಟಿಸಿದರು, ಅವರ ಮೊಮ್ಮಕ್ಕಳಾದ ಬೊವ್ವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿಗಳು ಊರೂರು ಸುತ್ತಿ ಐನ್‌ಮನೆಗಳನ್ನು ದಾಖಲಿಸಿ ಗ್ರಂಥರೂಪಕ್ಕೆ ತಂದರು. ಪ್ರವಾಸಿಗಳಿಗೆ ಬಾಗಿಲು ತೆರೆಯುವ ಮುನ್ನ ಆಗಬೇಕಾದ ಕೆಲಸದ ಸ್ವರೂಪ ಎಂಥದೆಂಬುದಕ್ಕೆ ಈ ದಾಖಲೆ ಒಂದು ಮೇಲ್ಪಂಕ್ತಿ.

ಇನ್ನು ಜೀರ್ಣೋದ್ಧಾರದ ಕೆಲಸದ ವಿಚಾರ. ಹಳೆಯ ಮನೆ ನೂರಿನ್ನೂರು ವರ್ಷ ಬಾಳಿದ್ದು ಅದರ ಮರ ಗಟ್ಟಿಯೆಂಬ ಒಂದೇ ಕಾರಣದಿಂದ ಅಲ್ಲ. ದಿನದಿನದ ಬಳಕೆಯೇ ಅದರ ರಕ್ಷಣೆಯಾಗಿತ್ತು. ಮಲೆನಾಡಿನ ಅಡುಗೆಮನೆಯನ್ನೇ ನೋಡಬಹುದು. ಒಲೆಯ ಹೊಗೆ ಅಟ್ಟಕ್ಕೇರಿ, ಅಲ್ಲಿ ಹರಡಿದ ಅಡಿಕೆ, ಮೆಣಸು, ಕಟ್ಟಿಟ್ಟ ಬೀಜದ ಕಾಳನ್ನು ಒಣಗಿಸಿ, ತೊಲೆ ಜಂತಿಗಳಿಗೆ ಮಸಿಯ ಪದರವೊಂದನ್ನು ಬಳಿದು, ಹಂಚಿನ ಸಂದಿಯಿಂದ ಹೊರಗೆ ಹೋಗುತ್ತಿತ್ತು. ಕಪ್ಪುಗಟ್ಟಿದ ಆ ತೊಲೆಗೆ ಹುಳು ಹತ್ತುವುದು ಕಡಿಮೆ. ಮನೆ ಖಾಲಿಯಾಗಿ ಒಲೆ ಆರಿದ ಮೇಲೆ ಮಳೆಗಾಲದ ತೇವ ಒಳಗೇ ನಿಲ್ಲುತ್ತದೆ, ಗೆದ್ದಲು ಗೋಡೆಯ ಮಣ್ಣಿನೊಳಗಿಂದ ಜಂತಿಗೆ ಏರುತ್ತದೆ, ಜಾರಿದ ಒಂದು ಹಂಚನ್ನು ಸರಿಪಡಿಸುವವರಿಲ್ಲದೆ ರೀಪು ಕೊಳೆತು, ರೀಪಿನಿಂದ ಪಕ್ಕಾಸಿಗೆ, ಪಕ್ಕಾಸಿನಿಂದ ಗೋಡೆಯ ತಲೆಗೆ ನೀರು ಇಳಿಯುತ್ತದೆ. ಸಗಣಿ ಸಾರಿಸಿದ ನೆಲವೂ ಹಾಗೆಯೇ, ವಾರಕ್ಕೊಮ್ಮೆ ಕೈಬೆರಳಿನ ಸ್ಪರ್ಶ ಸಿಗದಿದ್ದರೆ ಬಿರುಕು ಬಿಟ್ಟು ಪುಡಿಯಾಗುತ್ತದೆ. ಇದನ್ನೆಲ್ಲ ಅರಿಯದೆ ಜೀರ್ಣೋದ್ಧಾರಕ್ಕೆ ಕೈಹಾಕಿದವರು ಮಣ್ಣಿನ ಗೋಡೆಗೆ ಸಿಮೆಂಟು ಗಾರೆ ಮೆತ್ತುತ್ತಾರೆ. ಸುಣ್ಣದ ಗಾರೆ ಗೋಡೆಯ ತೇವವನ್ನು ಹೊರಗೆ ಬಿಟ್ಟುಕೊಡುತ್ತದೆ, ಸಿಮೆಂಟು ಅದನ್ನು ಒಳಗೇ ತಡೆಹಿಡಿಯುತ್ತದೆ. ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಹೊಸ ಗಾರೆ ಚಕ್ಕೆಚಕ್ಕೆಯಾಗಿ ಎದ್ದು, ಹೋಗುವಾಗ ಹಳೆಯ ಮಣ್ಣನ್ನೂ ಕಿತ್ತುಕೊಂಡು ಹೋಗುತ್ತದೆ. ಕಂಬಗಳಿಗೆ ಹೊಳೆಯುವ ವಾರ್ನಿಷು ಬಳಿಯುವುದು ಇದಕ್ಕಿಂತ ಕಡಿಮೆ ಹಾನಿಯದಾದರೂ ಮನೆಯ ಮುಖಚರ್ಯೆಯನ್ನೇ ಬದಲಿಸಿಬಿಡುತ್ತದೆ.

ಸ್ಮಾರಕಗಳ ಸಂರಕ್ಷಣೆಗೆ ಸಂಬಂಧಿಸಿ 1964ರಲ್ಲಿ ರೂಪುಗೊಂಡ ವೆನಿಸ್ ಸನ್ನದು ಎರಡು ಮಾತುಗಳನ್ನು ಒತ್ತಿ ಹೇಳಿತು: ಊಹೆ ಎಲ್ಲಿ ಆರಂಭವಾಗುತ್ತದೆಯೋ ಅಲ್ಲಿ ಜೀರ್ಣೋದ್ಧಾರ ನಿಲ್ಲಬೇಕು; ಹೊಸದಾಗಿ ಸೇರಿಸಿದ ಭಾಗ ಹಳೆಯದರೊಂದಿಗೆ ಹೊಂದಿಕೊಂಡರೂ ಹೊಸದೆಂದು ಗುರುತಿಸುವಂತಿರಬೇಕು. ಕಲ್ಲಿನ ಕಟ್ಟಡಗಳನ್ನು ಮುಖ್ಯವಾಗಿ ಕಣ್ಣಮುಂದಿಟ್ಟುಕೊಂಡ ಈ ಸೂತ್ರಗಳು ಮರ, ಮಣ್ಣು, ಹಂಚುಗಳ ಮನೆಗೆ ಯಥಾವತ್ತಾಗಿ ಒಗ್ಗವು. ಹಂಚು ಬದಲಿಸುತ್ತಲೇ ಬಾಳುವ ಮನೆಯಲ್ಲಿ ಯಾವುದು ಮೂಲ ಎಂದು ಹೇಳುವುದು ಕಷ್ಟ. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿ ಮಲೆನಾಡುಗಳ ಎಷ್ಟೋ ಮನೆಗಳು ಹುಲ್ಲಿನ ಮಾಡನ್ನು ಕಳಚಿ ಕೆಂಪು ಹಂಚನ್ನು ಹೊದ್ದವು. ಇಂದು ಪಾರಂಪರಿಕವೆಂದು ಮೆಚ್ಚಲಾಗುವ ಆ ಕೆಂಪು ಮಾಡು ಒಂದು ಕಾಲದ ಹೊಸತನವೇ. 1994ರಲ್ಲಿ ಜಪಾನಿನ ನಾರಾದಲ್ಲಿ ಸೇರಿದ ತಜ್ಞರು ಒಂದು ವಸ್ತುವಿನ ನೈಜತೆಯನ್ನು ಆಯಾ ಸಂಸ್ಕೃತಿಯ ನೆಲೆಯಿಂದಲೇ ತೀರ್ಮಾನಿಸಬೇಕೆಂದು ಒಪ್ಪಿದ್ದು ಇಂಥ ಮನೆಗಳಿಗೆ ಹೆಚ್ಚು ಅನ್ವಯಿಸುತ್ತದೆ. ಬದಲಾಗುವುದು ತಪ್ಪಲ್ಲ. ಬದಲಾದುದನ್ನು ಬರೆದಿಡದಿರುವುದು ತಪ್ಪು.

ಜೀರ್ಣೋದ್ಧಾರಗೊಂಡು ಸಾರ್ವಜನಿಕರಿಗೆ ತೆರೆದ ಮನೆಗಳಲ್ಲಿ ಕನ್ನಡಿಗರಿಗೆ ಅತ್ಯಂತ ಪರಿಚಿತವಾದದ್ದು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಕವಿಮನೆ. ಕುವೆಂಪು ಹುಟ್ಟಿದ್ದು 1904ರಲ್ಲಿ ತಾಯಿಯ ತವರಾದ ಹಿರೇಕೊಡಿಗೆಯಲ್ಲಿ. ಬೆಳೆದದ್ದು ಪೂರ್ವಿಕರ ಈ ಉಪ್ಪರಿಗೆಯ ತೊಟ್ಟಿಮನೆಯಲ್ಲಿ. ರಾಷ್ಟ್ರಕವಿ ಕುವೆಂಪು ಪ್ರತಿಷ್ಠಾನದ ಆಡಳಿತದಲ್ಲಿ ವಸ್ತುಸಂಗ್ರಹಾಲಯವಾಗಿರುವ ಮನೆಯೊಳಗೆ ಬಾಣಂತಿಕೋಣೆ, ಅಡುಗೆಯ ಪಾತ್ರೆಗಳು, ಬೇಸಾಯದ ಸಲಕರಣೆಗಳು, ಕವಿಯ ಪುಸ್ತಕಗಳು ಕಾಣಸಿಗುತ್ತವೆ. ಹಿಂದಿನ ಗುಡ್ಡವೇರಿದರೆ ಕಲಾವಿದ ಕೆ.ಟಿ. ಶಿವಪ್ರಸಾದ್ ಅವರ ಕಲ್ಪನೆಯಲ್ಲಿ ಬೃಹತ್ ಶಿಲೆಗಳನ್ನು ನಿಲ್ಲಿಸಿದ ಕವಿಶೈಲವಿದೆ. 2015ರ ನವೆಂಬರ್‌ನಲ್ಲಿ ಈ ಮನೆಯಿಂದ ಕವಿಗೆ ಸಂದ ಪದ್ಮ ಪ್ರಶಸ್ತಿಯ ಪದಕಗಳು ಕಳುವಾದ ಸುದ್ದಿ ಇಡೀ ನಾಡಿಗೆ ನೋವು ತಂದಿತ್ತು. ಜನ ವಾಸವಿಲ್ಲದ ಮನೆಗೆ ಕಾವಲು ಎಂಬುದು ಸಂರಕ್ಷಣೆಯ ಮೊದಲ ಖರ್ಚು ಎಂಬ ಸರಳ ಸತ್ಯವನ್ನು ಆ ಘಟನೆ ನೆನಪಿಸಿತು.

ಕುಪ್ಪಳಿಯ ವಿಶೇಷವೆಂದರೆ ಅದರ ಮಗನೇ ಅಂಥ ಮನೆಗಳ ಸಾಮಾಜಿಕ ನಕ್ಷೆಯನ್ನು ಬರೆದಿಟ್ಟಿರುವುದು. ‘ಕಾನೂರು ಹೆಗ್ಗಡಿತಿ’ (1936), ‘ಮಲೆಗಳಲ್ಲಿ ಮದುಮಗಳು’ (1967) ಎಂಬ ಕಾದಂಬರಿಗಳಲ್ಲಿಯೂ ‘ನೆನಪಿನ ದೋಣಿಯಲ್ಲಿ’ ಎಂಬ ಆತ್ಮಕಥನದಲ್ಲಿಯೂ ಮಲೆನಾಡಿನ ಹೆಗ್ಗಡೆ, ಗೌಡರ ಮನೆಗಳ ಒಳಗೂ ಹೊರಗೂ ಒಟ್ಟಿಗೆ ಕಾಣುತ್ತವೆ. ‘ಮಲೆಗಳಲ್ಲಿ ಮದುಮಗಳು’ ಕೃತಿಯ ಗುತ್ತಿ ಒಬ್ಬ ಜೀತದಾಳು. ಒಡೆಯನ ಮನೆಯ ಅಂಗಳದಾಚೆ ನಿಂತೇ ಮಾತಾಡಬೇಕಾದವನು. ಇಂದು ಶಾಲಾ ಮಕ್ಕಳು ಸಾಲಾಗಿ ಹತ್ತಿಹೋಗುವ ಜಗಲಿಗಳನ್ನು ಹತ್ತುವ ಹಕ್ಕು ಆ ಕಾಲದ ಗುತ್ತಿಯಂಥವರಿಗೆ ಇರಲಿಲ್ಲ. ತೊಟ್ಟಿಮನೆಯ ಕೆತ್ತನೆಯ ಕಂಬವನ್ನು ತೋರಿಸುವ ಮಾರ್ಗದರ್ಶಿ ಈ ಮಾತನ್ನೂ ಅಲ್ಲಿಯೇ, ಆ ಮೆಟ್ಟಿಲ ಮೇಲೆಯೇ ಹೇಳಬೇಕು. ಕಂಬ ಕೆತ್ತಿದ ಬಡಗಿ, ಮುರಕಲ್ಲು ಕಡಿದವರು, ಭತ್ತ ಕುಟ್ಟಿದ ಹೆಂಗಸರು, ಹಟ್ಟಿಯ ಗೊಬ್ಬರ ಹೊತ್ತವರು, ಗುಡಿಸಲುಗಳಿಂದ ಬೆಳಗಿನ ಜಾವ ಬಂದು ಕತ್ತಲಾದ ಮೇಲೆ ಹಿಂದಿರುಗಿದವರು, ಇವರೆಲ್ಲರ ಪಾತ್ರವಿಲ್ಲದೆ ಮನೆಯ ಕಥೆ ಪೂರ್ಣವಾಗದು. ಕೊಡಗಿನ ಐನ್‌ಮನೆಗಳ ಮರಗೆಲಸವನ್ನು ಐರಿಗಳು ಮಾಡಿದರು, ಅವುಗಳ ಹಬ್ಬಗಳಿಗೆ ಮೇದರು ಡೋಲು ಬಾರಿಸಿದರು. ತುಳುನಾಡಿನ ಗುತ್ತಿನ ಅಂಗಳದಲ್ಲಿ ದೈವವಾಗಿ ನುಡಿ ಕೊಟ್ಟ ನಲಿಕೆ, ಪಂಬದ, ಪರವ ಸಮುದಾಯದವರಿಗೆ ಬಣ್ಣ ಕಳಚಿದ ಮೇಲೆ ಚಾವಡಿಯೊಳಗೆ ಸ್ಥಾನವಿರಲಿಲ್ಲ.

ಬ್ರಿಟನ್ನಿನ ಅನುಭವ ಈ ವಿಷಯದಲ್ಲಿ ಉಪಯುಕ್ತ. 1895ರಲ್ಲಿ ಸ್ಥಾಪನೆಯಾದ ಅಲ್ಲಿನ ನ್ಯಾಷನಲ್ ಟ್ರಸ್ಟ್, 1930ರ ದಶಕದಲ್ಲಿ ಜಮೀನುದಾರರ ದೊಡ್ಡ ಮನೆಗಳನ್ನು ವಹಿಸಿಕೊಳ್ಳಲು ಆರಂಭಿಸಿದಾಗ, ಕುಟುಂಬ ಅಲ್ಲಿಯೇ ವಾಸ ಮುಂದುವರಿಸಿ ಗೊತ್ತಾದ ದಿನಗಳಲ್ಲಿ ಜನರಿಗೆ ಬಾಗಿಲು ತೆರೆಯುವ ಏರ್ಪಾಡಿಗೆ ಕಾನೂನಿನ ಆಧಾರ ಒದಗಿತು. 2020ರಲ್ಲಿ ಅದೇ ಸಂಸ್ಥೆ ತನ್ನ ವಶದಲ್ಲಿರುವ ಮನೆಗಳಿಗೂ ವಸಾಹತು ಆಳ್ವಿಕೆ ಮತ್ತು ಗುಲಾಮರ ವ್ಯಾಪಾರಕ್ಕೂ ಇದ್ದ ನಂಟನ್ನು ಪರಿಶೀಲಿಸಿ ವರದಿ ಪ್ರಕಟಿಸಿತು, ವಿರೋಧವೂ ಬಂತು. ಕಟು ಸತ್ಯ ಹೇಳಿದರೆ ಮನೆಯ ಗೌರವ ಕುಗ್ಗುತ್ತದೆಂಬ ಭಯ ಎಲ್ಲ ದೇಶಗಳಲ್ಲೂ ಇದ್ದದ್ದೇ. ಆದರೆ ಅಡಗಿಸಿಟ್ಟ ಸತ್ಯಕ್ಕಿಂತ ಹೇಳಿದ ಸತ್ಯ ಮನೆಗೆ ಹೆಚ್ಚು ಕಾಲದ ಆಧಾರ ನೀಡುತ್ತದೆ, ಯಾಕೆಂದರೆ ಆಗ ಆ ಮನೆ ಒಡೆಯರ ಮೊಮ್ಮಕ್ಕಳಿಗೆ ಮಾತ್ರವಲ್ಲದೆ ಆಳುಗಳ ಮೊಮ್ಮಕ್ಕಳಿಗೂ ತಮ್ಮ ಚರಿತ್ರೆಯ ಒಂದು ದಾಖಲೆಯಾಗುತ್ತದೆ.

ಇದ್ದಲ್ಲೇ ಉಳಿಸಲಾಗದ ಮನೆಗಳನ್ನು ಬಿಚ್ಚಿ ಬೇರೆಡೆ ಜೋಡಿಸುವ ಕ್ರಮವೂ ಒಂದಿದೆ. ಸ್ಟಾಕ್‌ಹೋಮಿನ ಸ್ಕಾನ್ಸೆನ್ ಎಂಬ ಬಯಲು ವಸ್ತುಸಂಗ್ರಹಾಲಯ 1891ರಲ್ಲಿ ಇದಕ್ಕೆ ನಾಂದಿ ಹಾಡಿತು. ಕರ್ನಾಟಕದಲ್ಲಿ ಆ ಕೆಲಸವನ್ನು ಏಕವ್ಯಕ್ತಿಯ ಹಟದಿಂದ ಮಾಡಿದವರು ಮಣಿಪಾಲದ ವಿಜಯನಾಥ ಶೆಣೈ. ಕೆಡವಲು ಸಿದ್ಧವಾಗಿದ್ದ ಮನೆಗಳನ್ನು ಕೊಂಡು, ತೊಲೆ ತೊಲೆಗೂ ಗುರುತು ಹಾಕಿ ಬಿಚ್ಚಿ ತಂದು, ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ಅವರು ಮರುಜೋಡಿಸಿದ ಕುಂಜೂರು ಚೌಕಿಮನೆ, ಮುಧೋಳ ಅರಮನೆಯ ದರ್ಬಾರ್ ಹಾಲ್, ಕುಕನೂರಿನ ಕಮಲ ಮಹಲ್ ಮೊದಲಾದವು ಅವರ ಕೈಗೆ ಸಿಗದೇ ಹೋಗಿದ್ದರೆ ಸೌದೆಯಾಗುತ್ತಿದ್ದವು. ಆ ಸಾಧನೆಗೆ ನಾಡು ಋಣಿ. ಆದರೂ ತನ್ನ ಗದ್ದೆ, ಬಾವಿ, ದೈವ, ನೆರೆಹೊರೆಗಳಿಂದ ಬೇರೆಯಾದ ಮನೆ ಕುಶಲಕಲೆಯ ಪಾಠವನ್ನು ಹೇಳಬಲ್ಲದೇ ಹೊರತು ಬಾಳಿನ ಪಾಠವನ್ನು ಪೂರ್ತಿ ಹೇಳಲಾರದು. ಬೇರೆ ದಾರಿಯೇ ಇಲ್ಲದಾಗ ಹಿಡಿಯಬೇಕಾದ ಕ್ರಮವದು. ಇದರ ಜೊತೆಗೆ ಚಿಂತೆಗೀಡುಮಾಡುವ ಇನ್ನೊಂದು ಬೆಳವಣಿಗೆಯಿದೆ. ಪಾರಂಪರಿಕ ಶೈಲಿಯ ರೆಸಾರ್ಟುಗಳಿಗೆ ಹಳೆಯ ಕಂಬ, ಬಾಗಿಲವಾಡ, ಮುಚ್ಚಿಗೆಗಳು ಬೇಕಾದಾಗ ಅವು ಎಲ್ಲೋ ಒಂದು ಹಳ್ಳಿಯ ಮನೆಯನ್ನು ಕೆಡವಿದ ಮೇಲೆಯೇ ಬರುತ್ತವೆ. ಒಂದು ಮನೆಯ ಅಲಂಕಾರಕ್ಕೆ ನಾಲ್ಕು ಮನೆಗಳ ನಾಶ ಬಂಡವಾಳವಾಗುವುದನ್ನು ಸಂರಕ್ಷಣೆ ಎಂದು ಕರೆಯಲಾಗದು.

ತುಳುನಾಡಿನ ಕುಟುಂಬದ ಮನೆಗಳಲ್ಲಿ ಅಪಾಯ ಬೇರೆ ಕಡೆಯಿಂದ ಬರುತ್ತಿದೆ. ಅಲ್ಲಿ ಭಕ್ತಿಯೂ ಹಣವೂ ಕೊರತೆಯಾಗಿಲ್ಲ. ಚದುರಿಹೋದ ಸದಸ್ಯರು ಮುಂಬೈಯಿಂದ, ಕೊಲ್ಲಿ ರಾಷ್ಟ್ರಗಳಿಂದ ಹಣ ಕಳಿಸಿ ಜೀರ್ಣೋದ್ಧಾರ ನಡೆಸುತ್ತಾರೆ. ದೈವಗಳ ಉಯ್ಯಾಲೆಯಿರುವ ಚಾವಡಿಗೆ ಹೊಸ ಪ್ರತಿಷ್ಠೆಯಾಗುತ್ತದೆ, ನೇಮೋತ್ಸವ ವಿಜೃಂಭಣೆಯಿಂದ ನಡೆಯುತ್ತದೆ. ಅಷ್ಟರಲ್ಲಿ ಹಳೆಯ ಮಣ್ಣಿನ ಗೋಡೆ, ಮರದ ಮುಚ್ಚಿಗೆಗಳೆಲ್ಲ ಹೋಗಿ ಕಾಂಕ್ರೀಟು ಮತ್ತು ಗ್ರಾನೈಟು ಅವುಗಳ ಜಾಗಕ್ಕೆ ಬಂದಿರುತ್ತವೆ. ಇಲ್ಲಿ ಬಳಕೆ ಉಳಿಯಿತು, ಮನೆ ಹೋಯಿತು. ವಸ್ತುಸಂಗ್ರಹಾಲಯವಾದಲ್ಲಿ ಮನೆ ಉಳಿಯಿತು, ಬಳಕೆ ಹೋಯಿತು. ಎರಡರಲ್ಲಿ ಒಂದನ್ನೇ ಆರಿಸಬೇಕೆಂದಾದರೆ ಬಳಕೆ ಉಳಿದದ್ದೇ ಮೇಲೆನ್ನಬೇಕಾಗುತ್ತದೆ, ಆದರೆ ಆ ಆಯ್ಕೆ ಅನಿವಾರ್ಯವೇನೂ ಅಲ್ಲ. ಸುಣ್ಣದ ಗಾರೆ ಬಲ್ಲ ಗಾರೆಯವನನ್ನೂ ಹಳೆಯ ಕೂಡುಗೆಲಸ ಬಲ್ಲ ಆಚಾರಿಯನ್ನೂ ಕುಟುಂಬದ ಸಭೆಗೆ ಒಮ್ಮೆ ಕರೆಸಿದ್ದರೆ ಎಷ್ಟೋ ಚಾವಡಿಗಳು ಉಳಿಯುತ್ತಿದ್ದವು.

ನಗರಗಳಲ್ಲಿ ಸರ್ಕಾರವೇ ಮುಂದೆ ಬಂದು ಉಳಿಸಿದ ಮನೆಗಳೂ ಇವೆ. ಮೈಸೂರಿನ ಯಾದವಗಿರಿಯಲ್ಲಿ ಕಾದಂಬರಿಕಾರ ಆರ್.ಕೆ. ನಾರಾಯಣ್ ಅವರ ಮನೆಯನ್ನು 2011ರಲ್ಲಿ ಕೆಡವಲು ಆರಂಭಿಸಿದಾಗ ಪ್ರತಿಭಟನೆ ಎದ್ದು, ನಗರಪಾಲಿಕೆ ಅದನ್ನು ವಶಕ್ಕೆ ಪಡೆದು ದುರಸ್ತಿ ಮಾಡಿಸಿ 2016ರಲ್ಲಿ ಜನರಿಗೆ ತೆರೆಯಿತು. ಮಡಿಕೇರಿಯ ಸನ್ನಿಸೈಡ್, ಜನರಲ್ ತಿಮ್ಮಯ್ಯನವರು ಬೆಳೆದ ಮನೆ, ಹಲವು ವರ್ಷ ಸಾರಿಗೆ ಕಚೇರಿಯಾಗಿದ್ದು 2021ರ ಫೆಬ್ರವರಿಯಲ್ಲಿ ವಸ್ತುಸಂಗ್ರಹಾಲಯವಾಯಿತು. ಇವು ವ್ಯಕ್ತಿಗಳ ಸ್ಮಾರಕಗಳು. ಹೆಸರಾಂತ ಮಗ ಹುಟ್ಟದ ಮನೆಯ ಕಡೆಗೆ ಸರ್ಕಾರದ ಗಮನ ಹರಿಯುವುದು ಅಪರೂಪ. 1958ರ ಕೇಂದ್ರ ಕಾಯಿದೆಯಾಗಲಿ 1961ರ ರಾಜ್ಯ ಕಾಯಿದೆಯಾಗಲಿ ಪ್ರಾಚೀನ ಸ್ಮಾರಕಗಳನ್ನು ಮನಸ್ಸಿನಲ್ಲಿಟ್ಟುಕೊಂಡು ರಚಿತವಾದವು, ಜನ ವಾಸಿಸುವ ಮನೆಯ ಮಾಡು ಸೋರುವುದಕ್ಕೆ ಅವುಗಳಲ್ಲಿ ಪರಿಹಾರ ಹುಡುಕುವುದು ಕಷ್ಟ. ಪ್ರವೇಶಶುಲ್ಕದಿಂದ ಮನೆಯನ್ನು ಸಾಕಬಹುದೆಂಬ ನಂಬಿಕೆಯೂ ದುರ್ಬಲವೇ; ಜೋರು ಮಳೆ ಬೀಳುವ ತಿಂಗಳುಗಳಲ್ಲಿ ಪ್ರವಾಸಿಗಳು ಕಡಿಮೆ, ಮನೆಗೆ ಖರ್ಚು ಹೆಚ್ಚು.

ಹೀಗಾಗಿ ಕುಟುಂಬ ಇರುವಲ್ಲಿ ಕುಟುಂಬದ ಹಕ್ಕು ಮೊದಲು, ಪ್ರವಾಸಿಯ ಕುತೂಹಲ ಆಮೇಲೆ ಎಂಬ ತತ್ವವನ್ನು ನಿಸ್ಸಂಕೋಚವಾಗಿ ಒಪ್ಪಬೇಕು. ಹಿರಿಯರ ದೀಪವಿರುವ ಕೋಣೆ, ದೈವದ ಕೋಣೆ, ಬಾಣಂತಿ ಮಲಗಿರುವ ಕೋಣೆ, ಸೂತಕದ ದಿನಗಳು ಪ್ರವಾಸಿಗೆ ಮುಚ್ಚಿರುವುದು ನ್ಯಾಯ. ಅಲ್ಲಿ ಫೋಟೋ ಬೇಡವೆಂದರೆ ಬೇಡ. ನೆಂಟನಾಗಿ ಬಂದವನು ಜಗಲಿಯಲ್ಲಿ ಕುಳಿತು ಬೆಲ್ಲ ನೀರು ಕುಡಿದು, ಕರೆದರೆ ಮಾತ್ರ ಒಳಗೆ ಹೋಗುವ ಮರ್ಯಾದೆ ಈ ನಾಡಿಗೆ ಹೊಸದಲ್ಲ, ಹಣ ಕೊಟ್ಟ ಕಾರಣಕ್ಕೆ ಅದು ರದ್ದಾಗುವುದೂ ಇಲ್ಲ. ಆದರೆ ಜಾತಿಯ ಕಾರಣಕ್ಕೆ ಹಿಂದೆ ಹಾಕಿದ್ದ ಗಡಿಗಳಿಗೆ ಈ ನ್ಯಾಯವನ್ನು ಎಳೆಯುವಂತಿಲ್ಲ. ಜಗಲಿ ಒಬ್ಬರಿಗೆ ತೆರೆದರೆ ಎಲ್ಲರಿಗೂ ತೆರೆದಿರಬೇಕು. ನಡುಮನೆ ಮುಚ್ಚಿದರೆ ಹೊರಗಿನವರೆಲ್ಲರಿಗೂ ಒಂದೇ ರೀತಿಯಲ್ಲಿ ಮುಚ್ಚಿರಬೇಕು.

ಈ ಸಭೆಯಲ್ಲಿ ಇರುವವರಲ್ಲಿ ಅನೇಕರಿಗೆ ಊರಿನಲ್ಲಿ ಅಂಥ ಮನೆಯೊಂದು ಇರಬಹುದು, ಅಥವಾ ಅಂಥ ಮನೆಯಲ್ಲಿ ದುಡಿದವರ ವಂಶದವರು ಇಲ್ಲಿ ಇರಬಹುದು. ಜೀರ್ಣೋದ್ಧಾರದ ಸಮಿತಿ ರಚಿಸುವ ಮೊದಲು, ಗುತ್ತಿಗೆದಾರನನ್ನು ಕರೆಯುವ ಮೊದಲು, ಮನೆಯ ಅಳತೆಯ ನಕ್ಷೆಯನ್ನು ಬರೆಸಿ, ಪ್ರತಿ ಕೋಣೆಯ ಹೆಸರನ್ನೂ ಬಳಕೆಯನ್ನೂ ಬದುಕಿರುವ ಹಿರಿಯರಿಂದ ಕೇಳಿ ದಾಖಲಿಸಿ, ಮನೆಯಲ್ಲಿ ದುಡಿದ ಕುಟುಂಬಗಳ ಹಿರಿಯರಿಂದಲೂ ಅದೇ ಮನೆಯ ಕಥೆಯನ್ನು ಕೇಳಿ ಜೊತೆಗೆ ಸೇರಿಸಿ, ಆ ದಾಖಲೆಯ ಒಂದು ಪ್ರತಿಯನ್ನು ಊರಿನ ಗ್ರಂಥಾಲಯಕ್ಕೂ ಒಂದನ್ನು ಹತ್ತಿರದ ವಿಶ್ವವಿದ್ಯಾಲಯಕ್ಕೂ ಒಪ್ಪಿಸಬೇಕೆಂದು ಈ ಉಪನ್ಯಾಸ ವಿನಂತಿಸುತ್ತದೆ. ಇದಕ್ಕೆ ಸರ್ಕಾರದ ಅನುಮತಿ ಬೇಕಿಲ್ಲ, ದೊಡ್ಡ ಮೊತ್ತವೂ ಬೇಕಿಲ್ಲ. ಹೇಳಬಲ್ಲ ಹಿರಿಯರು ಇನ್ನೂ ಇರುವಾಗಲೇ ಈ ಕೆಲಸ ಆಗಬೇಕು.